ಮೆತ್ತಗಿರಬಾರದ ಸೀಟು

ನನ್ನ ಮೊಮ್ಮಗಳು ಸಿಂಧು ಪಾಸಾದಳು. ಹೆಲ್ಮೆಟ್ ಹಾಕಿ, ಆರು ಪಟ್ಟಿಯ ಬೆಲ್ಟು ಬಿಗಿದು ಕೂರಿಸಿದ ರೇಸಿನ ಗಾಡಿಯಿಂದ ಏಳು ಸೆಕೆಂಡಿನೊಳಗೆ ಆಚೆ ಬರಬೇಕಿತ್ತು. ಆರಕ್ಕೇ ಬಂದು ನಿಂತಳು. ರೇಸ್ ಓಡಿಸುವ ಲೈಸೆನ್ಸಿಗೆ ಸಹಿ ಬಿತ್ತು. ಇದು ನಿನ್ನೆ ನಡೆದದ್ದು. ನಿನ್ನೆಯಿಂದ ನಾನು ಹಾಲಿನವನಿಗೆ ಹೇಳಿದ್ದೇನೆ, ಹೂವಿನವಳಿಗೆ ಹೇಳಿದ್ದೇನೆ, ರಾಂಗ್ ನಂಬರ್ ಎಂದು ಫೋನ್ ಇಡಲು ಹೊರಟವರೊಬ್ಬರನ್ನು ತಡೆದು ಅವರಿಗೂ ಹೇಳಿದ್ದೇನೆ. ಪಾಪ, ಒಳ್ಳೇದಾಗ್ಲಿ ಅಮ್ಮ ಎಂದರು.

ಇನ್ನು ಹೇಳಲು ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹಲಸೂರಿನವಳು, ಹೆಸರು ಲೋಕಮ್ಮ. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಾರಿನ ಸೀಟು ಹೊಲಿಯುವ ಕುಶನ್ ಅಂಗಡಿ ನಡೆಸಿದವಳು. ಅದರಲ್ಲಿ ಹದಿನೈದು ವರ್ಷ ರೇಸಿನ ಗಾಡಿಗಳಿಗೆ ಸೀಟು ಕೂರಿಸಿದ್ದೇನೆ, ಬೆಲ್ಟು ಬಿಗಿದಿದ್ದೇನೆ. ಈ ಕೆಲಸಕ್ಕೆ ಈಗ ಹೊಸ ಹುಡುಗರು ಬರುತ್ತಿದ್ದಾರೆ. ಅವರು ಟಿ.ವಿ.ಯಲ್ಲಿ ನೋಡುವುದು ಗಾಡಿ ಓಡುವುದನ್ನು. ಓಡುವ ಗಾಡಿಯೊಳಗೆ ಒಂದು ಮೈ ಕೂತಿರುತ್ತದೆ, ನಮ್ಮ ಕೆಲಸ ಆ ಮೈಯದು. ಅದನ್ನು ಹೇಳುತ್ತೇನೆ.

ಅಂಗಡಿ ಮೊದಲು ನಮ್ಮ ಯಜಮಾನರದು. ಅವರು ತೀರಿಕೊಂಡಾಗ ಗಲ್ಲಿಯವರೆಲ್ಲ ಮಷೀನು ಮಾರಿಬಿಡಿ ಎಂದರು. ಹೆಂಗಸು ಕೂತು ಕಾರಿನ ಸೀಟು ಹೊಲಿಯುವುದನ್ನು ಅವರು ಕಂಡಿರಲಿಲ್ಲ. ನಾನು ಮಾರಲಿಲ್ಲ. ಮಗಳು ಶಾಂತಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯಲ್ಲಿ ಸೀಟಿನ ಅಂಚಿಗೆ ಹೊಲಿಯುವ ಪೈಪಿಂಗ್ ಪಟ್ಟಿ ಕತ್ತರಿಸಿ ಕೊಡಿಸಿಕೊಂಡು, ಆಟೋದಿಂದ ಶುರು ಮಾಡಿ ಅಂಬಾಸಡರ್‌ವರೆಗೆ ಬಂದೆ. ಕುಶನ್ ಕೆಲಸದವರ ಮರ್ಯಾದೆ ಇರುವುದು ಒಂದೇ ಮಾತಿನಲ್ಲಿ. ಗಿರಾಕಿ ಸೀಟಿನ ಮೇಲೆ ಕೂತು, ಕಣ್ಣು ಅರೆ ಮುಚ್ಚಿ, ಆಹಾ ಎನ್ನಬೇಕು. ಆ ಆಹಾ ಬರಲಿಲ್ಲವೆಂದರೆ ಬಿಚ್ಚಿ ಮತ್ತೆ ಹೊಲಿಯಬೇಕು.

ತೊಂಬತ್ತರ ಮೊದಲ ವರ್ಷಗಳಲ್ಲಿ ಒಂದು ದಿನ ಇರ್ಫಾನ್ ಬಂದ. ಫ್ರೇಜರ್ ಟೌನಿನಲ್ಲಿ ಅವನದೊಂದು ಗ್ಯಾರೇಜು. ತಾನೇ ಗಾಡಿ ರಿಪೇರಿ ಮಾಡಿ, ಬಿಡುವಾದಾಗ ತಾನೇ ರೇಸ್ ಓಡಿಸುತ್ತಿದ್ದ. ಒಂದು ಫೈಬರ್ ಸೀಟು ತಲೆಯ ಮೇಲೆ ಹೊತ್ತು ತಂದು ಅಂಗಡಿಯ ಬಾಗಿಲಲ್ಲಿ ಇಳಿಸಿದ. ಸೀಟು ಅಂದರೆ ಬರೀ ಚಿಪ್ಪು, ಮುಟ್ಟಿದರೆ ಕಲ್ಲು.

"ಅಕ್ಕ, ಇದರಲ್ಲಿ ಅರ್ಧ ಗಂಟೆ ಕೂತ್ರೆ ಸೊಂಟ ಹೋಗ್ತದೆ. ಏನಾದ್ರೂ ಮಾಡಿ."

ನಾನು ಏನಾದರೂ ಮಾಡಿದೆ. ನಾಲ್ಕು ಇಂಚಿನ ಒಳ್ಳೆಯ ಫೋಮು ತಂದು ಬೆನ್ನಿಗೆ, ಕೂರುವಲ್ಲಿಗೆ, ತೊಡೆಯ ಎರಡು ಪಕ್ಕಕ್ಕೆ ಹಾಕಿ, ಮೇಲೆ ಕೆಂಪು ಬಟ್ಟೆ ಹೊದಿಸಿ, ವಜ್ರದ ಡಿಸೈನಿನಲ್ಲಿ ಹೊಲಿದು ಕೊಟ್ಟೆ. ಇರ್ಫಾನ್ ಕೂತ. ಕಣ್ಣು ಮುಚ್ಚಿದ. "ಅಕ್ಕ, ಇದರಲ್ಲಿ ನಿಕಾ ಮಾಡ್ಕೋಬಹುದು," ಎಂದ. ಆಹಾಗಿಂತ ದೊಡ್ಡದು ಬಂದಿತ್ತು.

ಮದ್ರಾಸಿನ ಹತ್ತಿರದ ಟ್ರ್ಯಾಕಿನಲ್ಲಿ ರೇಸು. ನನ್ನ ಕೆಲಸ ನೋಡಿ ಬರೋಣ ಎಂದು ನಾನೂ ಹೋದೆ. ರೇಸಿಗೆ ಮುಂಚೆ ಪ್ರತಿ ಗಾಡಿಯನ್ನೂ ಪರೀಕ್ಷೆ ಮಾಡಿ ಚೀಟಿ ಅಂಟಿಸುತ್ತಾರೆ. ಚೀಟಿ ಇಲ್ಲದ ಗಾಡಿ ಟ್ರ್ಯಾಕಿಗೆ ಇಳಿಯುವ ಹಾಗಿಲ್ಲ. ಆ ಪರೀಕ್ಷೆ ಮಾಡುತ್ತಿದ್ದವರು ನಮ್ಮ ಕಾಕ್ಸ್ ಟೌನಿನ ಸೆಬಾಸ್ಟಿಯನ್ ಸಾರ್. ಬಿಳಿ ಅಂಗಿ, ಬಿಳಿ ಕೂದಲು, ಜೇಬಿನಲ್ಲಿ ಟಾರ್ಚು. ಭಾನುವಾರ ರೇಸ್ ಇದ್ದರೆ ಶನಿವಾರವೇ ಚರ್ಚಿಗೆ ಹೋಗಿಬರುತ್ತಿದ್ದರು. ಅವರು ಸೀಟಿನೊಳಗೆ ಹೆಬ್ಬೆರಳು ಒತ್ತಿದರು. ಬೆರಳು ಬುಡದವರೆಗೂ ಒಳಗೆ ಹೋಯಿತು.

"ಯಾರು ಹೊಲಿದದ್ದು ಇದು?"

ಇರ್ಫಾನ್ ನನ್ನನ್ನು ತೋರಿಸಿದ. ಹೊಗಳುತ್ತಾರೆ ಎಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ.

"ಹೊಲಿಗೆ ಫಸ್ಟ್ ಕ್ಲಾಸ್. ನೀವೇ ಕೂತ್ಕೊಳ್ಳಿ ಅಮ್ಮ," ಎಂದರು.

ಅಷ್ಟು ಜನರ ಮುಂದೆ ಸೀರೆ ಉಟ್ಟುಕೊಂಡು ರೇಸಿನ ಗಾಡಿಯಲ್ಲಿ ಕೂತೆ. ಅವರು ಸೊಂಟದ ಬೆಲ್ಟನ್ನು ಉಸಿರು ಕಟ್ಟುವಷ್ಟು ಬಿಗಿದರು. ಆಮೇಲೆ ಇರ್ಫಾನನಿಗೆ ಹೇಳಿ ನನ್ನ ಎರಡೂ ಭುಜ ಹಿಡಿದು ಕೆಳಕ್ಕೆ ಒತ್ತಿಸಿದರು. ಫೋಮು ಅಮುಕಿತು, ನಾನು ಕೆಳಗೆ ಇಳಿದೆ. ಅಷ್ಟು ಬಿಗಿದಿದ್ದ ಬೆಲ್ಟಿನ ಕೆಳಗೆ ಈಗ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿತ್ತು.

"ನೋಡಿದ್ರಾ? ಗೋಡೆಗೆ ಹೊಡೆದಾಗ ಒತ್ತೋದು ಇರ್ಫಾನ್ ಅಲ್ಲ. ಈ ನಾಲ್ಕು ಬೆರಳು ಜಾಗದಲ್ಲಿ ಮನುಷ್ಯ ಜಾರಿ ಬೆಲ್ಟಿನ ಕೆಳಗೆ ಹೋಗ್ತಾನೆ. ಬೆಲ್ಟು ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಬರುತ್ತೆ. ಹೊಟ್ಟೆಯಲ್ಲಿ ಮೂಳೆ ಇಲ್ಲ ಅಮ್ಮ."

ಅಲ್ಲೇ, ನನ್ನ ಕಣ್ಣೆದುರೇ, ನನ್ನ ವಜ್ರದ ಡಿಸೈನನ್ನು ಚಾಕುವಿನಿಂದ ಸೀಳಿ ಫೋಮು ಕಿತ್ತು ಹಾಕಿದರು. ಇರ್ಫಾನ್ ಆ ದಿನ ಬರೀ ಚಿಪ್ಪಿನ ಮೇಲೆ ಕೂತು ಓಡಿಸಿದ, ಬಂದ ಮೇಲೆ ಎರಡು ದಿನ ನಿಂತೇ ಊಟ ಮಾಡಿದ. ನನಗೆ ಅವಮಾನವಾಗಿತ್ತು, ನಿಜ. ಆದರೆ ವಾಪಸ್ಸು ಬರುವ ವ್ಯಾನಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆಯಲ್ಲಿ ಮೂಳೆ ಇಲ್ಲ ಎಂಬ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಇಷ್ಟು ವರ್ಷ ಸೀಟು ಹೊಲಿದವಳು ಮೂಳೆ ಎಲ್ಲಿದೆ ಎಂದು ಯೋಚಿಸಿರಲಿಲ್ಲ.

ಮುಂದಿನ ವಾರ ಕಾಕ್ಸ್ ಟೌನಿಗೆ ಹೋಗಿ ಅವರ ಮನೆಯ ಬೆಲ್ಲು ಒತ್ತಿದೆ. ಕಲಿಸಿ ಸಾರ್ ಎಂದೆ. ಅವರ ಹೆಂಡತಿ ಕೇಕು ಕೊಟ್ಟರು, ಅವರು ಪಾಠ ಕೊಟ್ಟರು. ಸೀಟು ಬಿಗಿಯಾಗಿ ಮೈ ಹಿಡಿಯಬೇಕು, ಮೆತ್ತಗಿರಬಾರದು. ಗಟ್ಟಿ ರಬ್ಬರು, ಅದೂ ಬೆರಳಿನ ದಪ್ಪಕ್ಕಿಂತ ಕಡಿಮೆ, ಅದೂ ಪಕ್ಕೆಲುಬಿಗೂ ಭುಜಕ್ಕೂ ಒತ್ತು ಕೊಡಲಿಕ್ಕೆ ಮಾತ್ರ. ಆವತ್ತಿನಿಂದ ನನ್ನ ಅಂಗಡಿಯಲ್ಲಿ ಎರಡು ತರದ ಗಿರಾಕಿಗಳಾದರು. ಆಹಾ ಅನ್ನುವವರು, ಅಮ್ಮಾ ಅನ್ನುವವರು. ರೇಸಿನವರು ಅಮ್ಮಾ ಅಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಇನ್ನೊಂದು ಪೆಟ್ಟು ತಿಂದದ್ದನ್ನೂ ಹೇಳಿಬಿಡುತ್ತೇನೆ. ಇರ್ಫಾನನ ಬೆಲ್ಟಿನ ಭುಜದ ಪಟ್ಟಿಯಲ್ಲಿ ಅಂಚು ಎಳೆಬಿಟ್ಟಿತ್ತು. ಹರಿದದ್ದನ್ನು ಹೊಲಿಯುವುದು ನನ್ನ ಜಾತಿಗುಣ. ದಪ್ಪ ನೂಲಿನಲ್ಲಿ ಮೂರು ಸಾಲು ಹಾಕಿ, ಹೊಸದಕ್ಕಿಂತ ಗಟ್ಟಿ ಮಾಡಿಕೊಟ್ಟೆ. ಸೆಬಾಸ್ಟಿಯನ್ ಸಾರ್ ಅದನ್ನು ನೋಡಿ ನನ್ನ ಕತ್ತರಿಯನ್ನೇ ಕೇಳಿ ಪಡೆದು, ಪಟ್ಟಿಯನ್ನು ಎರಡು ತುಂಡು ಮಾಡಿದರು.

"ಲೋಕಮ್ಮ, ಸೂಜಿ ಹೋದ ಕಡೆಯೆಲ್ಲ ತೂತು. ತೂತಿನ ಸಾಲು ಅಂದ್ರೆ ಹರಿಯೋ ಜಾಗಕ್ಕೆ ನೀವೇ ಗೆರೆ ಎಳೆದು ಕೊಟ್ಟ ಹಾಗೆ."

"ಹೊಸದು ತರಿಸೋಕೆ ತಿಂಗಳು ಬೇಕು ಸಾರ್," ಎಂದ ಇರ್ಫಾನ್.

"ಹಾಗಿದ್ರೆ ತಿಂಗಳು ಮನೇಲಿ ಕೂತ್ಕೊ. ಹೊಸ ಕತ್ತು ತರಿಸೋಕೆ ಅದಕ್ಕಿಂತ ಜಾಸ್ತಿ ದಿನ ಬೇಕು."

ಬೆಲ್ಟಿಗೆ ಸೂಜಿ ಹಾಕಬಾರದು. ಜೋರಾಗಿ ಹೊಡೆತ ತಿಂದ ಬೆಲ್ಟು ನೋಡಲು ಚೆನ್ನಾಗಿದ್ದರೂ ಮತ್ತೆ ಕಟ್ಟಬಾರದು, ಕತ್ತರಿಸಿ ಬಿಸಾಡಬೇಕು. ಬಿಸಿಲಿಗೆ ಬಣ್ಣ ಹೋದದ್ದನ್ನೂ ನಂಬಬಾರದು. ಇದನ್ನು ಬರೆದಿಟ್ಟುಕೊಳ್ಳಿ, ಮಕ್ಕಳೇ. ನಾನು ಬರೆದಿಟ್ಟುಕೊಳ್ಳಲಿಲ್ಲ, ನನಗೆ ಆ ಕತ್ತರಿಯ ಸದ್ದು ಸಾಕಾಯಿತು.

ಓಡಿಸುವವರ ಮೈಯ ಬಗ್ಗೆ ಹೇಳುತ್ತೇನೆ ಎಂದೆನಲ್ಲ. ಕೂತು ಓಡಿಸುವುದರಲ್ಲಿ ಏನು ಕಷ್ಟ ಎಂದು ನನ್ನ ಅಳಿಯ ವೆಂಕಟೇಶನೂ ಕೇಳುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರು, ಕೆ.ಆರ್. ಪುರದ ರೂಟು. ಒಂದು ಸಲ ಅವನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋದೆ. ರೇಸ್ ಮುಗಿಸಿ ಬಂದ ಇರ್ಫಾನ್ ಹೆಲ್ಮೆಟ್ ತೆಗೆದಾಗ ಮುಖ ಬೇಯಿಸಿದ ಬೀಟ್‌ರೂಟ್ ಹಾಗಿತ್ತು. ಮೂರು ಪದರದ ಬೆಂಕಿ ತಡೆಯುವ ಬಟ್ಟೆ, ಅದರೊಳಗೊಂದು ಬನಿಯನ್ನು, ಕೈಗವಸು, ಮುಖಕ್ಕೆ ಬಟ್ಟೆ, ಮೇಲೆ ಹೆಲ್ಮೆಟ್. ಮದ್ರಾಸಿನ ಬಿಸಿಲು, ಇಂಜಿನ್ನಿನ ಕಾವು. ಬೂಟು ಬಗ್ಗಿಸಿದರೆ ಬೆವರು ಸುರಿಯಿತು. ರೇಸಿಗೆ ಮುಂಚೆ ನಾನೇ ಬಿಗಿದ ಸೊಂಟದ ಪಟ್ಟಿ ರೇಸ್ ಮುಗಿದ ಮೇಲೆ ಎರಡು ಬೆರಳು ಸಡಿಲವಾಗಿತ್ತು. ಅಷ್ಟು ಮೈ ಒಂದೇ ರೇಸಿನಲ್ಲಿ ನೀರಾಗಿ ಹೋಗಿತ್ತು. ಅದೇ ದಿನ ಎರಡನೇ ರೇಸಿದ್ದರೆ ಬೆಲ್ಟನ್ನು ಹೊಸದಾಗಿ ಅಳೆದು ಬಿಗಿಯಬೇಕು ಎಂಬುದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ನನ್ನ ಬೆರಳೇ ಹೇಳಿಕೊಟ್ಟದ್ದು. ಸೆಬಾಸ್ಟಿಯನ್ ಸಾರ್ ಅದನ್ನು ಕೇಳಿ ಮಿಕ್ಕ ತಂಡದವರಿಗೂ ಹೇಳಿದರು. ನನ್ನ ಹೆಸರು ಹೇಳಿಯೇ ಹೇಳಿದರು.

ವೆಂಕಟೇಶ ವಾಪಸ್ಸು ಬರುವಾಗ, "ಅತ್ತೆ, ನಮ್ಮ ಬಸ್ಸಲ್ಲಿ ಬಿಸಿ ಅಂತ ಇನ್ನು ಕಂಪ್ಲೇಂಟ್ ಮಾಡಲ್ಲ," ಎಂದ.

ಕತ್ತಿನ ವಿಷಯ ಇನ್ನೂ ಇದೆ. ತಿರುವಿನಲ್ಲಿ ತಲೆಯನ್ನು ಯಾರೋ ಕೂದಲು ಹಿಡಿದು ಪಕ್ಕಕ್ಕೆ ಎಳೆದ ಹಾಗೆ ಆಗುತ್ತದಂತೆ, ಅದೂ ಹೆಲ್ಮೆಟಿನ ಭಾರದ ಸಮೇತ. ಕತ್ತು ಸೋತರೆ ಕಣ್ಣು ದಾರಿಯಲ್ಲಿ ನಿಲ್ಲುವುದಿಲ್ಲ. ಇರ್ಫಾನ್ ಸೈಕಲ್ಲಿನ ಹಳೇ ಟ್ಯೂಬನ್ನು ಹಣೆಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ನನ್ನ ಮಷೀನಿನ ಮೇಜಿಗೆ ಕಟ್ಟಿ, ತಲೆಯನ್ನು ಆ ಕಡೆ ಈ ಕಡೆ ಎಳೆಯುತ್ತಿದ್ದ. ಸೀಟು ಕವರು ಕೊಳ್ಳಲು ಬಂದವರು ಅವನನ್ನು ನೋಡಿ ಬಾಗಿಲಲ್ಲೇ ನಿಲ್ಲುತ್ತಿದ್ದರು. "ಇವನಿಗೇನಮ್ಮ ಆಗಿದೆ?" ಎಂದು ಒಬ್ಬರು ಮೆಲ್ಲಗೆ ಕೇಳಿದರು. ರೇಸು ಎಂದೆ. "ಹಾಗಾದ್ರೆ ವಾಸಿ ಆಗಲ್ಲ ಬಿಡಿ," ಎಂದು ಹೊರಟುಹೋದರು. ಓಡಿಸುವವರ ಕತ್ತನ್ನು ನಾನು ಟೇಪಿನಲ್ಲಿ ಅಳೆದು ಗೋಡೆಯ ಮೇಲೆ ಬರೆಯುತ್ತಿದ್ದೆ. ದಿನಾ ವ್ಯಾಯಾಮ ಮಾಡ್ತೀನಿ ಅಕ್ಕ ಎಂದು ಸುಳ್ಳು ಹೇಳಿದವರು ನನ್ನ ಟೇಪಿನ ಮುಂದೆ ಸಿಕ್ಕಿಬೀಳುತ್ತಿದ್ದರು.

ಈಗ ಹೇಳಲು ಮನಸ್ಸಿಲ್ಲದ ಒಂದನ್ನು ಹೇಳಬೇಕು. ಅದನ್ನು ಹೇಳದೆ ಸಿಂಧುವಿನ ವಿಷಯ ನಿಮಗೆ ಅರ್ಥವಾಗುವುದಿಲ್ಲ.

ತೊಂಬತ್ತರ ಕೊನೆಯ ವರ್ಷಗಳಲ್ಲಿ ಒಂದು ರೇಸಿಗೆ ಶಾಂತ ನನ್ನ ಜೊತೆ ಬಂದಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿ ಸಿಂಧು ಸ್ಕೂಲಿಗೆ ಹೋಗುತ್ತಿದ್ದಳು. ನಾವಿಬ್ಬರೂ ಬೇಲಿಯ ಹತ್ತಿರ ನಿಂತಿದ್ದಾಗಲೇ ಇರ್ಫಾನನ ಗಾಡಿ ಮಣ್ಣಿಗೆ ಇಳಿದು ಮೂರು ಉರುಳು ಉರುಳಿತು. ಚಕ್ರ ಮೇಲಾಗಿ ನಿಂತಿತು. ಗಾಡಿಯೊಳಗಿನ ಕಬ್ಬಿಣದ ಪಂಜರ ಅಲುಗಿರಲಿಲ್ಲ, ಸೀಟು ಕದಲಿರಲಿಲ್ಲ, ಬೆಲ್ಟು ಅವನನ್ನು ತಲೆಕೆಳಗಾಗಿ ಹಾಗೇ ಹಿಡಿದಿತ್ತು. ಒಂದು ಗಾಯವಿರಲಿಲ್ಲ. ಕೈ ಬೀಸಿ ಚೆನ್ನಾಗಿದ್ದೇನೆ ಎಂದು ತೋರಿಸಿದ. ಆಮೇಲೆ, ಆಚೆ ಬರುವ ಆತುರದಲ್ಲಿ, ಪಟ್ಟಿಗಳನ್ನೆಲ್ಲ ಒಟ್ಟಿಗೆ ಹಿಡಿದಿರುವ ಬಕಲ್ ತಿರುಗಿಸಿಬಿಟ್ಟ.

ತಲೆಕೆಳಗಾಗಿ ನೇತಾಡುವವನು ಬೆಲ್ಟು ಬಿಚ್ಚಿದರೆ ಏನಾಗುತ್ತದೆ? ನೇರವಾಗಿ ತಲೆಯ ಮೇಲೆ ಬಿದ್ದ. ಮೂರು ಉರುಳಿಗೆ ಬಗ್ಗದ ಕತ್ತು ಅಷ್ಟು ಎತ್ತರದಿಂದ ಬಿದ್ದದ್ದಕ್ಕೆ ಬಗ್ಗಿತು. ತಿಂಗಳುಗಟ್ಟಲೆ ಕತ್ತಿಗೆ ಪಟ್ಟಿ ಹಾಕಿಕೊಂಡಿದ್ದ. ಬದುಕಿದ, ನಡೆದಾಡಿದ, ಗ್ಯಾರೇಜು ನಡೆಸಿದ. ರೇಸ್ ಮಾತ್ರ ಅವನಿಗೆ ಅಂದಿಗೇ ಮುಗಿಯಿತು.

ಅದು ನನ್ನ ತಪ್ಪೂ ಹೌದು. ಬೆಲ್ಟು ಬಿಗಿಯುವುದನ್ನು ಅಷ್ಟೆಲ್ಲ ಕಲಿತವಳು ಬಿಚ್ಚುವುದನ್ನು ಯಾರಿಗೂ ಕಲಿಸಿರಲಿಲ್ಲ. ಒಂದು ಕೈ ಗಾಡಿಯ ಸೂರಿಗೆ ಒತ್ತಿ ಕೊಟ್ಟು, ಕಾಲನ್ನು ಗಟ್ಟಿಯಾಗಿ ಊರಿ, ಆಮೇಲೆ ಇನ್ನೊಂದು ಕೈಯಿಂದ ಬಕಲ್. ಅಷ್ಟೇ ವಿಷಯ. ಸೆಬಾಸ್ಟಿಯನ್ ಸಾರ್ ನನ್ನ ಅಂಗಡಿಯ ತೊಲೆಗೆ ಒಂದು ಸೀಟನ್ನು ಬೋಲ್ಟು ಹಾಕಿ ತಲೆಕೆಳಗಾಗಿ ನಿಲ್ಲಿಸಿದರು. ಕೆಳಗೆ ನನ್ನ ಫೋಮೆಲ್ಲ ಹಾಸಿದೆವು; ಕೊನೆಗೂ ನಾಲ್ಕು ಇಂಚಿನ ಫೋಮಿಗೆ ರೇಸಿನಲ್ಲಿ ಒಂದು ಕೆಲಸ ಸಿಕ್ಕಿತು. ಬೆಂಗಳೂರಿನ ಓಡಿಸುವವರೆಲ್ಲ ಶಿವಾಜಿನಗರದ ಗಲ್ಲಿಗೆ ಬಂದು, ಬಾವಲಿಗಳ ಹಾಗೆ ನೇತುಬಿದ್ದು, ಇಳಿಯುವುದನ್ನು ಕಲಿತು ಹೋದರು. ಕತ್ತಿಗೆ ಪಟ್ಟಿ ಹಾಕಿಕೊಂಡ ಇರ್ಫಾನೇ ಎದುರು ಕುರ್ಚಿಯಲ್ಲಿ ಕೂತು ಪಾಠ ಹೇಳುತ್ತಿದ್ದ. "ಲೇ ಮಗಾ, ಮೊದಲು ಕೈ. ಆಮೇಲೆ ಬಕಲ್. ನನ್ನ ನೋಡು, ನಾನು ಉಲ್ಟಾ ಮಾಡಿದ್ದು." ಆಮೇಲೆ ಅವರಲ್ಲಿ ಇಬ್ಬರು ಗಾಡಿ ಮಗುಚಿಕೊಂಡು, ಕೈ ಕೊಟ್ಟು ಇಳಿದು, ನಗುತ್ತಾ ನಡೆದು ಬಂದರು. ಬಂದವರು ನನ್ನ ಕಾಲು ಮುಟ್ಟಿದರು. ಪ್ರಶಸ್ತಿ ಕಪಾಟಿನಲ್ಲಿ ಇಡುವವರು ಇಡಲಿ, ನನಗೆ ಆ ಇಬ್ಬರು ಸಾಕು.

ಶಾಂತ ಮಾತ್ರ ಅಂದಿನಿಂದ ಟ್ರ್ಯಾಕಿನ ಕಡೆ ಬರಲಿಲ್ಲ.

ಎರಡು ಸಾವಿರದ ಇಸವಿಯ ಆಚೆ ಕೆಲಸ ಬದಲಾಯಿತು. ಸೀಟನ್ನು ಮೈಗೆ ಎರಕ ಹೊಯ್ಯುವುದು ಬಂತು. ಚಿಪ್ಪಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಎರಡು ದ್ರವ ಬೆರೆಸಿ ಅದರೊಳಗೆ ಸುರಿದು, ಓಡಿಸುವವನನ್ನು ಅದರ ಮೇಲೆ ಕೂರಿಸುವುದು. ದ್ರವ ಇಡ್ಲಿಯಂತೆ ಉಬ್ಬಿ, ಬಿಸಿಯಾಗಿ, ಅವನ ಬೆನ್ನಿನ ಅಚ್ಚು ಹಿಡಿದು ಕಲ್ಲಾಗುತ್ತದೆ. ನಾನು ಮೊದಲ ಸಲ ಮಾಡಿದಾಗ ಚೀಲ ಒಡೆಯಿತು. ಕೂತಿದ್ದವನು ಇಂದಿರಾನಗರದ ಒಬ್ಬ ದೊಡ್ಡ ಮನೆಯ ಹುಡುಗ, ಒಳ್ಳೆಯ ಪ್ಯಾಂಟು. ಪ್ಯಾಂಟು ಸೀಟಾಯಿತು, ಸೀಟು ಪ್ಯಾಂಟಾಯಿತು. ಕೊನೆಗೆ ಫೋಮು ಕೊಯ್ಯುವ ಚಾಕುವಿನಿಂದ ಪ್ಯಾಂಟು ಕತ್ತರಿಸಿ ಅವನನ್ನು ಬಿಡಿಸಿ, ಅಂಗಡಿಯಲ್ಲಿದ್ದ ಸೀಟು ಕವರಿನ ಬಟ್ಟೆ ಸುತ್ತಿ ಆಟೋ ಹತ್ತಿಸಿದೆ. "ಆಂಟಿ, ಫಿಟ್ಟಿಂಗ್ ಚೆನ್ನಾಗಿದೆ," ಎಂದು ಹೇಳಿ ಹೋದ, ಒಳ್ಳೆಯ ಹುಡುಗ. ಚೀಲ ಎರಡು ಹಾಕಿ, ಮಕ್ಕಳೇ, ಒಂದರೊಳಗೆ ಒಂದು.

ಎರಡು ವರ್ಷದ ಹಿಂದೆ ನನ್ನ ಬಲ ಮಣಿಕಟ್ಟು ಸೋತಿತು. ಕತ್ತರಿ ಹಿಡಿದರೆ ನಡುಕ, ಬೆಲ್ಟು ಎಳೆದರೆ ಬಿಗಿ ಬರುವುದಿಲ್ಲ. ಬಿಗಿ ಬರದ ಕೈ ಈ ಕೆಲಸಕ್ಕಿರಬಾರದು. ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದೆ. ಮನೆ ಹಲಸೂರಿನಲ್ಲೇ, ಮಗಳು ಅಳಿಯನ ಜೊತೆ.

ಅದೇ ವರ್ಷ ಸಿಂಧು ಕಾಲೇಜಿನ ಗೆಳತಿಯರ ಜೊತೆ ಸಣ್ಣ ಗಾಡಿ ಓಡಿಸುವ ಆಟದ ಟ್ರ್ಯಾಕಿಗೆ ಹೋಗಿ ಬಂದಳು. ಬಂದವಳೇ ನನ್ನ ಪಕ್ಕ ಕೂತು, "ಅಜ್ಜಿ, ಎಲ್ಲರಿಗಿಂತ ಮುಂದೆ ಬಂದೆ. ಆದ್ರೆ ಆ ಸೀಟು ಸರಿಯಿಲ್ಲ ಕಣಜ್ಜಿ, ತಿರುವಲ್ಲಿ ನನ್ನ ಪಕ್ಕೆ ಹಿಡೀಲಿಲ್ಲ," ಎಂದಳು. ಮುಂದೆ ಬಂದೆ ಎಂದದ್ದಕ್ಕಲ್ಲ, ಪಕ್ಕೆ ಹಿಡೀಲಿಲ್ಲ ಎಂದದ್ದಕ್ಕೆ ನನಗೆ ಮೈ ಜುಮ್ಮೆಂದಿತು. ಇವಳು ರೇಸಿನವಳು ಎಂದು ಆಗಲೇ ಗೊತ್ತಾಯಿತು.

ಶಾಂತಳಿಗೂ ಗೊತ್ತಾಯಿತು. ಒಂದು ವಾರ ಮಾತಿಲ್ಲ. ಆಮೇಲೆ ಸಿಂಧು ಇರ್ಫಾನನ ಗ್ಯಾರೇಜಿಗೆ ಹೋಗತೊಡಗಿದಳು. ಅವನು ಕಲಿಸಿದ. ಟ್ಯೂಬನ್ನು ನಮ್ಮ ಕಿಟಕಿಯ ಕಂಬಿಗೆ ಕಟ್ಟಿ ಕತ್ತು ಗಟ್ಟಿ ಮಾಡಿಕೊಂಡಳು, ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಸ್ವೆಟರು ಹಾಕಿಕೊಂಡು ಮಹಡಿ ಮೆಟ್ಟಿಲು ಹತ್ತಿ ಇಳಿದಳು. ಟೇಪು ಹಿಡಿದು ಕತ್ತು ಅಳೆದವಳು ನಾನು. ಲೈಸೆನ್ಸಿನ ಪರೀಕ್ಷೆಗೆ ಅರ್ಜಿ ಹಾಕುವ ದಿನ ಶಾಂತ ಬಾಯಿ ಬಿಟ್ಟಳು.

"ಅಲ್ಲಿ ಎಷ್ಟು ಸಲ ಚಾನ್ಸ್ ಕೊಡ್ತಾರೆ?"

"ಮೂರು ಸಲ ಅಮ್ಮ," ಎಂದಳು ಸಿಂಧು.

"ಅವರ ರೂಲ್ಸಲ್ಲಿ ಮೂರು. ನನ್ನ ರೂಲ್ಸಲ್ಲಿ ಒಂದು. ಗಾಡಿಗೆ ಬೆಂಕಿ ಬಿದ್ರೆ ಅದು ಮೂರು ಸಲ ಕೇಳಲ್ಲ. ಮೊದಲನೇ ಸಲಕ್ಕೆ ಏಳು ಸೆಕೆಂಡಲ್ಲಿ ಆಚೆ ಬಂದ್ರೆ ಓಡಿಸು. ಬರ್ಲಿಲ್ಲ ಅಂದ್ರೆ ಈ ಮನೇಲಿ ಆ ಮಾತು ಮತ್ತೆ ಬರಬಾರದು."

"ಆಯ್ತು."

"ನಾನೂ ಬರ್ತೀನಿ, ನಾನೇ ಎಣಿಸ್ತೀನಿ. ನೀವು ಅಜ್ಜಿ ಮೊಮ್ಮಗಳು ಸೇರಿ ನನಗೆ ಸುಳ್ಳು ಹೇಳ್ತೀರ."

ಅವಳು ಹೇಳಿದ್ದರಲ್ಲಿ ಕಳೆಯುವ ಮಾತು ಒಂದೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಕೆ.ಆರ್. ಪುರದ ಆಚೆಯ ಒಂದು ದೊಡ್ಡ ಡಾಂಬರು ಮೈದಾನಕ್ಕೆ ಹೋದೆವು. ಸಿಂಧು, ಶಾಂತ, ನಾನು, ಇರ್ಫಾನ್. ಪರೀಕ್ಷೆ ಮಾಡುವವನು ಒಬ್ಬ ಕನ್ನಡಕದ ಯುವಕ, ಕೈಯಲ್ಲಿ ಗಡಿಯಾರ. ಡಾಕ್ಟರು ಮೊದಲು ಸಿಂಧುವಿನ ಕತ್ತು, ಎದೆ, ಕಣ್ಣು ನೋಡಿ ಸರಿ ಎಂದರು. ಆಮೇಲೆ ಆಚೆ ಬರುವ ಪರೀಕ್ಷೆ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟಿರಬೇಕು. ವಿಷಲ್ ಊದಿದ ಮೇಲೆ ಸ್ಟೀರಿಂಗ್ ಕಳಚಿ, ಬಕಲ್ ತಿರುಗಿಸಿ, ಬಾಗಿಲು ತೆಗೆದು, ಎರಡೂ ಕಾಲು ನೆಲಕ್ಕೆ ಬರಬೇಕು.

"ಬೆಲ್ಟ್ ಕಟ್ಟೋಕೆ ನಿಮ್ಮ ಕಡೆಯವರು ಯಾರು?" ಎಂದು ಕೇಳಿದ ಆ ಯುವಕ. ಇರ್ಫಾನ್ ಮುಂದೆ ಬಂದ. ಯುವಕ ಅವನನ್ನು ತಡೆದ. "ಸಾರ್, ನೀವು ಬೆಂಕಿ ಆರಿಸೋ ಸಿಲಿಂಡರ್ ಹಿಡಿದು ಆ ಪಕ್ಕ ನಿಲ್ಲಬೇಕು. ಅದು ಗೊತ್ತಿರೋರು ಇಲ್ಲಿ ನೀವೊಬ್ಬರೇ. ಬೇರೆಯವರು ಕಟ್ಟಲಿ."

ನಾನು ನನ್ನ ಬಲಗೈ ನೋಡಿಕೊಂಡೆ. ಸಿಂಧುವೂ ಅದನ್ನೇ ನೋಡಿದಳು. ಉಳಿದವಳು ಶಾಂತ.

ಶಾಂತ ಚಪ್ಪಲಿ ಬಿಟ್ಟಳು. ಯಾಕೆ ಬಿಟ್ಟಳೋ, ಗಾಡಿಯೊಳಗೆ ಬಗ್ಗಲು ಅನುಕೂಲ ಎಂದಿರಬೇಕು. ಸೊಂಟದ ಎರಡು ಪಟ್ಟಿ, ಕಾಲಿನ ನಡುವಿನ ಎರಡು, ಭುಜದ ಎರಡು, ಒಂದೊಂದಾಗಿ ಬಕಲಿಗೆ ಹಾಕಿದಳು. ಅಂಗಡಿಯಲ್ಲಿ ನನ್ನನ್ನು ನೋಡಿ ಕಲಿತವಳು, ಇಷ್ಟು ವರ್ಷ ಮುಟ್ಟದಿದ್ದರೂ ಎಲ್ಲೂ ತಡವರಿಸಲಿಲ್ಲ. "ಉಸಿರು ಬಿಡು," ಎಂದಳು. ಸಿಂಧು ಉಸಿರು ಬಿಟ್ಟಳು. ಶಾಂತ ಎಳೆದಳು. ಅವಳ ಮೊಣಕೈಯ ನರ ಎದ್ದು ಕಂಡಿತು. ಯುವಕ ಬಂದು ಭುಜದ ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡಿ, ಹೋಗದಿದ್ದಾಗ, ಸರಿ ಎಂದು ಹಿಂದೆ ಸರಿದ.

ಆಗ ನಾನು ಕಂಡೆ. ಸೊಂಟದ ಎಡಗಡೆಯ ಪಟ್ಟಿ, ಸೀಟಿನ ತೂತಿನಿಂದ ಹೊರಗೆ ಬರುವಲ್ಲಿ, ಒಂದು ಸುತ್ತು ತಿರುಚಿಕೊಂಡಿತ್ತು. ಸುತ್ತಿದ ಪಟ್ಟಿ ಬಕಲಿನ ನಾಲಿಗೆಯನ್ನು ಓರೆ ಎಳೆಯುತ್ತದೆ. ತಿರುಗಿಸಿದಾಗ ಐದು ಬಿಡುತ್ತವೆ, ಆರನೆಯದು ಕಚ್ಚಿಕೊಳ್ಳುತ್ತದೆ. ಎರಡು ಮೂರು ಸೆಕೆಂಡು ಅಲ್ಲೇ ಹೋಗುತ್ತದೆ. ಪರೀಕ್ಷೆಯ ನಿಯಮದಂತೆ, ಕಟ್ಟಿ ಮುಗಿದ ಮೇಲೆ ಕಟ್ಟಿದವರು ಬಿಟ್ಟು ಬೇರೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಸಿಂಧುವಿಗೆ ಹೆಲ್ಮೆಟಿನೊಳಗಿಂದ ತನ್ನ ಸೊಂಟ ಕಾಣುವುದಿಲ್ಲ.

ಶಾಂತ ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತಿದ್ದಳು. ಅವಳ ಕಣ್ಣೂ ಆ ಪಟ್ಟಿಯ ಮೇಲಿತ್ತು. ಅಂಗಡಿಯಲ್ಲಿ ಪೈಪಿಂಗ್ ಕತ್ತರಿಸಿಕೊಂಡು ಬೆಳೆದವಳ ಕಣ್ಣು ಅದು. ಅವಳಿಗೆ ಬೇಕಾಗಿದ್ದದ್ದೆಲ್ಲ ಆ ಒಂದು ಸುತ್ತಿನಲ್ಲಿತ್ತು. ಸುಮ್ಮನೆ ನಿಂತರೆ ಸಾಕಿತ್ತು. ಯಾರೂ ಅವಳನ್ನು ಕೇಳುತ್ತಿರಲಿಲ್ಲ, ಮಗಳು ಮನೆಯಲ್ಲಿರುತ್ತಿದ್ದಳು. ಯುವಕ ವಿಷಲನ್ನು ಬಾಯಿಗಿಟ್ಟ.

"ಸ್ವಲ್ಪ ತಾಳಿ," ಎಂದಳು ಶಾಂತ.

ಹೋಗಿ ಬಗ್ಗಿದಳು. ಪಟ್ಟಿಯನ್ನು ಸಡಿಲಿಸಿ, ಸುತ್ತು ಬಿಡಿಸಿ, ಬುಡದಿಂದ ಬಕಲಿನವರೆಗೂ ಹೆಬ್ಬೆರಳಿನಲ್ಲಿ ಸವರಿ ಚಪ್ಪಟೆ ಮಾಡಿ, ಮತ್ತೆ ಉಸಿರು ಬಿಡಿಸಿ ಬಿಗಿದಳು. ಮಿಕ್ಕ ಐದನ್ನೂ ಹಾಗೆಯೇ ಸವರಿ ನೋಡಿದಳು. ಮಗಳ ಹೆಲ್ಮೆಟಿನ ಮೇಲೆ ಒಂದು ಸಲ ತಟ್ಟಿದಳು.

"ಈಗ ಊದಿ," ಎಂದಳು.

ಊದಿದ. ಸ್ಟೀರಿಂಗ್ ಕಳಚಿದ್ದು ಕಂಡಿತು. ಬಕಲ್ ತಿರುಗಿದ್ದು ಕೇಳಿಸಿತು, ಆರು ಪಟ್ಟಿಯೂ ಒಟ್ಟಿಗೆ ಬಿಟ್ಟ ಸದ್ದು ನನಗೆ ಯಾವ ವಾದ್ಯಕ್ಕಿಂತ ಚೆನ್ನಾಗಿ ಗೊತ್ತು. ಶಾಂತ ಗಟ್ಟಿಯಾಗಿ ಎಣಿಸುತ್ತಿದ್ದಳು. ಬಾಗಿಲು ನಾಲ್ಕಕ್ಕೆ ತೆರೆಯಿತು. ಎಡಗಾಲು ಐದಕ್ಕೆ. ಆರು ಎನ್ನುವಷ್ಟರಲ್ಲಿ ಸಿಂಧು ಎರಡೂ ಕಾಲಿನ ಮೇಲೆ ನಿಂತಿದ್ದಳು, ಕೈಯಲ್ಲಿ ಸ್ಟೀರಿಂಗ್ ಹಾಗೇ ಇತ್ತು, ಎಸೆಯುವುದನ್ನು ಮರೆತಿದ್ದಳು. ಶಾಂತ ಎಣಿಸುವುದು ನಿಲ್ಲಿಸಿರಲಿಲ್ಲ. ಏಳು, ಎಂಟು ಎಂದು ಹತ್ತರವರೆಗೂ ಹೋದಳು.

"ಅಮ್ಮಾ, ಬಂದಾಯ್ತು," ಎಂದಳು ಸಿಂಧು.

ಯುವಕ ಗಡಿಯಾರ ತಿರುಗಿಸಿ ಶಾಂತಳಿಗೇ ತೋರಿಸಿದ. ಇರ್ಫಾನ್ ಸಿಲಿಂಡರ್ ಕೆಳಗಿಟ್ಟು, ಕತ್ತು ತಿರುಗದ್ದರಿಂದ ಇಡೀ ಮೈಯನ್ನೇ ಆ ಕಡೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡ. ಸಹಿ ಬಿತ್ತು, ಸೀಲು ಬಿತ್ತು. ನಾನು ಆ ಮೈದಾನದಲ್ಲಿ ಯಾರ ಯಾರ ಕೈ ಹಿಡಿದು ಕುಲುಕಿದೆನೋ ನೆನಪಿಲ್ಲ, ನೀರಿನ ಕ್ಯಾನು ತಂದವನ ಕೈಯೂ ಇರಬೇಕು.

ರಾತ್ರಿ ಊಟಕ್ಕೆ ವೆಂಕಟೇಶ ಡ್ಯೂಟಿ ಮುಗಿಸಿ ಬೇಗ ಬಂದ. ಇರ್ಫಾನ್ ಹೆಂಡತಿಯನ್ನೂ ಕರೆದುಕೊಂಡು, ಮಸೀದಿ ರಸ್ತೆಯಿಂದ ಫಿರ್ನಿ ಕಟ್ಟಿಸಿಕೊಂಡು ಬಂದ. ಶಾಂತ ಕೋಳಿ ಸಾರು, ಮುದ್ದೆ ಮಾಡಿದ್ದಳು. ನೆಲದ ಮೇಲೆ ಸಾಲಾಗಿ ಕೂತೆವು.

"ನಮ್ಮ ಬಸ್ಸಲ್ಲೂ ಆ ಪರೀಕ್ಷೆ ಇಡಬೇಕು ಅತ್ತೆ. ಏಳು ಸೆಕೆಂಡಲ್ಲಿ ಒಬ್ಬರೂ ಇಳಿಯಲ್ಲ, ಚಿಲ್ಲರೆ ಕೇಳ್ಕೊಂಡು ಮೆಟ್ಟಿಲ ಮೇಲೇ ನಿಂತಿರ್ತಾರೆ," ಎಂದ ವೆಂಕಟೇಶ.

ಸಿಂಧು ನಗಲು ಹೋಗಿ ಭುಜ ಹಿಡಿದುಕೊಂಡಳು. ಬೆಲ್ಟು ಬಿಗಿದಲ್ಲಿ ಎರಡೂ ಭುಜದ ಮೇಲೆ ಕೆಂಪು ಗೆರೆ ಎದ್ದಿತ್ತು, ಬಲಗೈ ಬಾಯಿಯವರೆಗೆ ಏಳುತ್ತಿರಲಿಲ್ಲ. ಶಾಂತ ತನ್ನ ತಟ್ಟೆ ಬಿಟ್ಟು ಮಗಳ ಪಕ್ಕಕ್ಕೆ ಸರಿದು ಕೂತಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟಳು.

"ನೀನು ತುಂಬಾ ಬಿಗಿದ್ಬಿಟ್ಟೆ ಅಮ್ಮ."

"ಬಿಗೀಲೇಬೇಕು. ಮುಂದಿನ ಸಲನೂ ನಾನೇ ಕಟ್ಟೋದು. ಬೇರೆಯವರ ಕೈಗೆ ಕೊಟ್ಟೀಯ ಜೋಕೆ," ಎಂದು ಇನ್ನೊಂದು ತುತ್ತು ಇಟ್ಟಳು. "ನುಂಗು. ಕತ್ತು ಇನ್ನೂ ತೆಳ್ಳಗಿದೆ ನಿಂದು."

ಇರ್ಫಾನ್ ಸಾರು ಕೇಳಿದ, ವೆಂಕಟೇಶ ಬಡಿಸಿದ. ನಾನು ಎರಡನೇ ಮುದ್ದೆ ಹಾಕಿಸಿಕೊಂಡೆ.